ಸೈಕಲ್ ಚೆನ್ನಾಗಿದೆ, ರಿಮ್ಮಿನೊಳಗಿನ ರಬ್ಬರ್ ಪಟ್ಟಿ ಮಾತ್ರ ಕಿತ್ತೆಸೆಯಿರಿ

ಬಳಕೆ: ಮೂರು ವರ್ಷ, ಮೈಸೂರು ಊರೊಳಗೆ. ಹನ್ನೆರಡು ಸಾವಿರದ ಆಸುಪಾಸಿನ, 26 ಇಂಚು ಚಕ್ರದ, ಹಿಂದೆ 7 ಗೇರಿನ ಸೈಕಲ್. ಕಂಪನಿ ಹೆಸರು ಬೇಡ.

ಹಿಂದಿನ ಚಕ್ರ ತಿಂಗಳಿಗೆರಡು ಸಲ ಪಂಚರ್ ಆಗುತ್ತಿದ್ದರೆ, ರಸ್ತೆಯನ್ನು ಬೈಯುವ ಮುಂಚೆ ಟ್ಯೂಬ್ ಬಿಚ್ಚಿ ತೂತು ಯಾವ ಕಡೆಗಿದೆ ನೋಡಿ. ಟಯರ್ ಕಡೆಗಿದ್ದರೆ ಜಾಲಿ ಮುಳ್ಳೋ ಗಾಜಿನ ಚೂರೋ. ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡಿದ್ದರೆ ಗಾಳಿ ಕಮ್ಮಿಯಿದ್ದು ಗುಂಡಿಗೆ ಬಿದ್ದಿದ್ದು. ರಿಮ್ ಕಡೆಗಿದ್ದರೆ ತಪ್ಪು ಸೈಕಲ್ಲಿನದೇ. ಈ ಸೈಕಲ್ಲಿನ ಪಂಚರುಗಳಲ್ಲಿ ಮುಕ್ಕಾಲು ಪಾಲು ಆ ಜಾತಿಯವು.

ಕಾರಣ ಚಿಕ್ಕದು. ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್ಟುಗಳ, ಅಂದರೆ ನಿಪ್ಪಲ್‌ಗಳ, ತಲೆ ಟ್ಯೂಬಿಗೆ ತಾಗದಿರಲೆಂದು ರಿಮ್ಮಿನೊಳಗೆ ತೆಳು ರಬ್ಬರ್ ಪಟ್ಟಿ ಹಾಕಿರುತ್ತಾರೆ. ಅದಕ್ಕೆ ಅಂಟಿಲ್ಲ, ಬರೀ ಬಿಗಿ. ಬಿಸಿಲು, ಬ್ರೇಕಿನ ಎಳೆತಕ್ಕೆ ಬಿಗಿ ಸಡಿಲಾಗಿ ಪಕ್ಕಕ್ಕೆ ಸರಿಯುತ್ತದೆ, ನಿಪ್ಪಲ್ ಬಾಯಿ ತೆರೆಯುತ್ತದೆ. ಶಾಪಿನಲ್ಲಿ ಟ್ಯೂಬಿಗೆ ಪ್ಯಾಚ್ ಅಂಟಿಸಿ, ಅದೇ ಪಟ್ಟಿಯ ಮೇಲೆ ಕೂರಿಸಿ ಕಳಿಸುತ್ತಾರೆ. ಹದಿನೈದು ದಿನಕ್ಕೆ ಮತ್ತೆ ಅಲ್ಲೇ. ಸೈಕಲ್ ಜಾಥಾಗಳಲ್ಲಿ ಪರಿಸರ, ಆರೋಗ್ಯ ಎಲ್ಲ ಹೇಳುತ್ತಾರೆ. ಹೊಸದಾಗಿ ಸೈಕಲ್ ಕೊಂಡವರು ಮೂರನೇ ಪಂಚರಿಗೆ ಅದನ್ನು ಬಟ್ಟೆ ಒಣಗಿಸುವ ಸ್ಟ್ಯಾಂಡ್ ಮಾಡಿಬಿಡುವುದು ಈ ಪಟ್ಟಿಯಿಂದ ಅಂತ ಯಾರೂ ಹೇಳುವುದಿಲ್ಲ.

ಮದ್ದು ಮೆಡಿಕಲ್ ಶಾಪಿನಲ್ಲಿದೆ: ಗಾಯಕ್ಕೆ ಹಾಕುವ ಬಟ್ಟೆಯ ಪ್ಲಾಸ್ಟರ್. ಈ ರಿಮ್ಮಿನ ಸುತ್ತಳತೆ ಪೌಣೆ ಎರಡು ಮೀಟರ್, ಎರಡು ಸುತ್ತಿಗೆ ಮೂರೂವರೆ ಮೀಟರ್ ಬೇಕು. ರಬ್ಬರ್ ಪಟ್ಟಿ ತೆಗೆದು, ನಿಪ್ಪಲ್ಲಿನಿಂದ ಹೊರಗೆ ಚಾಚಿದ ಸ್ಪೋಕ್ ತುದಿಗಳನ್ನು ಅರದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ. ಸೀಮೆಎಣ್ಣೆ ಬೇಡ, ಜಿಡ್ಡು ಉಳಿದರೆ ಅಂಟು ಹಿಡಿಯದು. ವಾಲ್ವ್ ತೂತಿನ ಎದುರು ಬದಿಯಿಂದ ಶುರುಮಾಡಿ ಬಿಗಿಯಾಗಿ ಎಳೆಯುತ್ತ ಸುತ್ತಿ. ಟಯರ್ ಅಂಚು ಕೂರುವ ಜಾಗದ ಮೇಲೆ ಪ್ಲಾಸ್ಟರ್ ಹತ್ತಬಾರದು, ಹತ್ತಿದರೆ ಟಯರ್ ಸೊಟ್ಟ ಕೂರುತ್ತದೆ. ವಾಲ್ವಿನ ಜಾಗವನ್ನು ಕಾಯಿಸಿದ ಮೊಳೆಯಿಂದ ಚುಚ್ಚಿ. ವೈರಿಗೆ ಸುತ್ತುವ ಕರೆಂಟ್ ಟೇಪ್ ಹಾಕಿದರೆ ಬಿಸಿಲಿಗೆ ಅಂಟು ಕರಗಿ ಅದೂ ಜಾರುತ್ತದೆ.

ಇದಾದ ಮೇಲೆ ಹದಿನಾಲ್ಕು ತಿಂಗಳಲ್ಲಿ ಎರಡೇ ಪಂಚರ್, ಎರಡೂ ಮುಳ್ಳಿನವು. ಸೈಕಲ್ ಬಗ್ಗೆ ಇದ್ದ ಸಿಟ್ಟೂ ಇಳಿಯಿತು, ಒಪ್ಪಿಕೊಳ್ಳಬೇಕು.

ಉಳಿದಂತೆ ದೂರಿಲ್ಲ. ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆ ಕಡೆಗೆ ಹೋಗಿಬರಲು ಸುಮಾರು 9 ಕಿ.ಮೀ., ನಿಧಾನಕ್ಕೆ ತುಳಿದರೂ ಮುಕ್ಕಾಲು ಗಂಟೆಯೊಳಗೆ. ವಾರಕ್ಕೆ ಐದು ದಿನ ತುಳಿದರೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷದ ವ್ಯಾಯಾಮ ದಾಟಿ ಮಿಕ್ಕುತ್ತದೆ, ಜಿಮ್ ಫೀಸಿಲ್ಲ. ಲೀಟರಿಗೆ 45 ಕಿ.ಮೀ. ಕೊಡುವ ಸ್ಕೂಟರಿಗೆ ಹೋಲಿಸಿದರೆ 25 ದಿನಕ್ಕೆ 5 ಲೀಟರ್ ಪೆಟ್ರೋಲ್ ಉಳಿಕೆ, ಲೀಟರಿಗೆ 2.3 ಕೆ.ಜಿ. ಲೆಕ್ಕದಲ್ಲಿ ಹನ್ನೊಂದೂವರೆ ಕೆ.ಜಿ. ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುವುದಿಲ್ಲ. ಊರೊಳಗಿನ ಏರುಗಳಿಗೆ 7 ಗೇರು ಧಾರಾಳ. ಚಾಮುಂಡಿ ಬೆಟ್ಟದ ಆಸೆ ಇರುವವರು ಮುಂದುಗಡೆ ಪೆಡಲಿನ ಹತ್ತಿರವೂ ಚಿಕ್ಕ ಹಲ್ಲುಚಕ್ರ ಇರುವುದನ್ನೇ ಕೊಳ್ಳಲಿ.

ಭಾನುವಾರ ಬೆಳಿಗ್ಗೆ ಕಾಫಿ ಆದಮೇಲಿನ ಹತ್ತು ನಿಮಿಷ ಮಾತ್ರ ಬಿಡಬಾರದು. ಗಾಳಿ ಹಿಂದಕ್ಕೆ 50 ಪಿಎಸ್‌ಐ, ಮುಂದಕ್ಕೆ 45, ಮೀಟರ್ ಇರುವ ಪಂಪಿನಲ್ಲಿ. ಹೆಬ್ಬೆರಳಿಗೆ 30ಕ್ಕೂ 50ಕ್ಕೂ ವ್ಯತ್ಯಾಸ ತಿಳಿಯದು. ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತ ಚೈನಿನ ಒಂದೊಂದು ಕೊಂಡಿಗೂ ಒಳಬದಿಯಿಂದ ಒಂದೊಂದೇ ಹನಿ ಎಣ್ಣೆ. ಐದು ನಿಮಿಷ ಬಿಟ್ಟು ಹಳೇ ಪಂಚೆ ತುಂಡಿನಲ್ಲಿ ಹೊರಗಿನದನ್ನೆಲ್ಲ ಒರೆಸಿಬಿಡಿ, ಹೊರಗೆ ಉಳಿದ ಎಣ್ಣೆ ದೂಳನ್ನಷ್ಟೇ ಹಿಡಿಯುತ್ತದೆ. ಚೈನು ಸದ್ದಿಲ್ಲದೆ ಓಡುವುದೇ ಒಂದು ಸುಖ. ಕೊಬ್ಬರಿ ಎಣ್ಣೆ ಹಾಕುವವರೂ ಇದ್ದಾರೆ! ಧನುರ್ಮಾಸದಲ್ಲಿ ಬಾಟಲಿಯಲ್ಲೇ ಹೆಪ್ಪುಗಟ್ಟುವ ಎಣ್ಣೆ ಚೈನಿಗೇಕೆ?

ವರ್ಷಕ್ಕೊಮ್ಮೆ ಚೈನನ್ನು ಅಳೆಯಿರಿ. ಒಂದು ಪಿನ್ನಿನಿಂದ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು ಬರಬೇಕು. ಇಂಚಿನ ಹದಿನಾರನೇ ಒಂದು ಭಾಗ ಹೆಚ್ಚಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗದವರೆಗೆ ಬಿಟ್ಟರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಫ್ರೀವೀಲ್‌ನ ಹಲ್ಲೂ ಸವೆದು, ಅದಕ್ಕೂ ದುಡ್ಡು ಕೊಡಬೇಕು.

ಐದಕ್ಕೆ ನಾಲ್ಕು. ಆ ಪಟ್ಟಿಗೆ ಒಂದು ಕಳೆದಿದ್ದೇನೆ.