ಹೊಸ ಕಾಂಕ್ರೀಟ್ ಅಂಗಳಕ್ಕೆ ಮಳೆಗಾಲದ ಮುಂಚೆ ಹೊಳಪಿನ ಸೀಲರ್ ಹೊಡೆಸಬೇಡಿ

ಅಂಗಳಕ್ಕೆ ಸ್ಟ್ಯಾಂಪ್ಡ್ (ಅಚ್ಚೊತ್ತಿದ) ಕಾಂಕ್ರೀಟ್ ಹಾಕಿಸುವ ಯೋಚನೆಯಲ್ಲಿರುವವರು, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ನಮ್ಮ ಅಂಗಳದಲ್ಲಿ ಜಾರಿ ಬಿದ್ದು ಅತ್ತೆಯವರ ಮಣಿಕಟ್ಟು ಮುರಿಯಿತು. ಅದು ತಪ್ಪಿಸಬಹುದಾಗಿದ್ದ ಅಪಘಾತ.

ನಮ್ಮ ಮನೆ ಉಡುಪಿಯ ಹತ್ತಿರ. ಮೇ ತಿಂಗಳಲ್ಲಿ ಕಲ್ಲು ಹಾಸಿದಂತೆ ಅಚ್ಚೊತ್ತಿ, ಬಣ್ಣ ಕೊಟ್ಟು ಕಾಂಕ್ರೀಟ್ ಹಾಕಿದರು. ಆ ಕೆಲಸದ ಬಗ್ಗೆ ದೂರಿಲ್ಲ. ಕೆಟ್ಟದ್ದು ಸೀಲರ್, ಅಂದರೆ ಕಾಂಕ್ರೀಟನ್ನು ಕಾಪಾಡಲು ಮೇಲೆ ಬಳಿಯುವ ಲೇಪ. ಕನಿಷ್ಠ 28 ದಿನ ಕಾಯಬೇಕಲ್ಲವೇ ಎಂದು ಕೇಳಿದ್ದಕ್ಕೆ ಗುತ್ತಿಗೆದಾರರು, “ಅಕ್ಕಾ, ಮಳೆ ಹಿಡಿದರೆ ಬಣ್ಣ ಉಳಿಯುವುದಿಲ್ಲ, ಈಗಲೇ ಹೊಡೆಯಬೇಕು” ಎಂದರು. ಕ್ಯೂರಿಂಗಿಗೆ ನೀರು ಬಿಡುವುದನ್ನು ನಿಲ್ಲಿಸಿದ ಬೆನ್ನಿಗೇ, ಸುಡು ಮಧ್ಯಾಹ್ನದಲ್ಲಿ, ಪ್ಲಾಸ್ಟಿಕ್ಕಿನಂತೆ ಪದರ ಕಟ್ಟುವ ಅಕ್ರಿಲಿಕ್ ಸೀಲರನ್ನು ದಪ್ಪಗೆ ಬಳಿದು ಹೋದರು.

ಅಂಗಳ ಕನ್ನಡಿಯಂತೆ ಹೊಳೆಯಿತು. ಮಳೆ ಶುರುವಾಗುತ್ತಲೇ ಅಚ್ಚಿನ ಗೆರೆಗಳಲ್ಲಿ ಹಾಲು ಚೆಲ್ಲಿದ ಹಾಗೆ ಬಿಳುಪು ಕಾಣಿಸಿಕೊಂಡಿತು. ಒಳಗಿನ ತೇವ ಆವಿಯಾಗಿ ಮೇಲೆ ಬರುತ್ತದೆ, ಅಕ್ರಿಲಿಕ್ ಪದರ ಅದನ್ನು ಸುಲಭವಾಗಿ ಹೊರಬಿಡುವುದಿಲ್ಲ. ಸಿಕ್ಕಿಕೊಂಡ ತೇವದಿಂದ ಪದರ ಬೆಳ್ಳಗಾಗುತ್ತದೆ, ಆಮೇಲೆ ಕಿತ್ತು ಬರುತ್ತದೆ. ಬಿಸಿಲಿಗೆ ಕಾದ ಕಾಂಕ್ರೀಟಿನ ಮೇಲೆ ಬಳಿದದ್ದರಿಂದ ಅಲ್ಲಲ್ಲಿ ಸಣ್ಣ ಗುಳ್ಳೆಗಳೂ ಎದ್ದಿದ್ದವು. ಉಗುರಿನಿಂದ ಒತ್ತಿದರೆ ಚಿಟ್ಟೆಂದು ಒಡೆದು ಹಪ್ಪಳೆಯಾಗಿ ಏಳುತ್ತಿದ್ದವು.

ಕರೆದಾಗ ಬಂದು ಮೇಲಿಂದ ಇನ್ನೊಂದು ಕೋಟ್ ಹೊಡೆದರು. ಹೊಸ ಕೋಟಿನ ದ್ರಾವಕಕ್ಕೆ ಹಳೆಯ ಪದರವೂ ಕರಗಿ ಸ್ವಲ್ಪ ದಿನ ಬಿಳುಪು ಮರೆಯಾಯಿತು. ಬಿಳುಪು ಮತ್ತೆ ಬಂದಾಗ ಇನ್ನೂ ದಟ್ಟವಾಗಿತ್ತು. ಎರಡನೆಯ ಮದ್ದಾಗಿ ಆಸಿಡ್ ಸುರಿದು ಉಜ್ಜಿಸಿದರು. ಪದರ ಎದ್ದಿದ್ದ ಕಡೆಯಲ್ಲೆಲ್ಲ ಆಸಿಡ್ ಸಿಮೆಂಟನ್ನೇ ತಿಂದು, ಬಣ್ಣ ಹೋಗಿ ಮರಳು ಕಾಣಿಸಿತು. ಅದನ್ನು ಮೊದಲಿನ ಹಾಗೆ ಮಾಡುವುದು ಕಷ್ಟ.

ಅಂದ ಕೆಟ್ಟದ್ದನ್ನು ಸಹಿಸಬಹುದು. ಆದರೆ ಒಂದರ ಮೇಲೊಂದು ಕೋಟ್ ಬಿದ್ದು ಅಚ್ಚಿನ ತರಿತರಿಯೇ ಮುಚ್ಚಿಹೋಗಿತ್ತು. ಅದರ ಮೇಲೆ ಪಾಚಿಯ ತೆಳು ಲೋಳೆ. ಬೆಳಿಗ್ಗೆ ತುಳಸಿಕಟ್ಟೆಗೆ ಹೊರಟ ಅತ್ತೆಯವರಿಗೆ ಕಾಲೂರಲು ಹಿಡಿತವೇ ಸಿಗಲಿಲ್ಲ. ಆ ಮಳೆಗಾಲ ಪೂರ್ತಿ ಬಾಗಿಲಿಂದ ಗೇಟಿನವರೆಗೆ ತೆಂಗಿನ ಮಡಲು ಹಾಸಿಕೊಂಡು ಓಡಾಡಿದೆವು. ನಮ್ಮ ಹಿರಿಯರು ಮಣ್ಣಿನ ಅಂಗಳದಲ್ಲಿ ಮಾಡುತ್ತಿದ್ದುದನ್ನು ಇಷ್ಟು ಖರ್ಚು ಮಾಡಿದ ಮೇಲೂ ಮಾಡಬೇಕಾಯಿತು. ಇದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ.

ನಿಮ್ಮ ಗುತ್ತಿಗೆದಾರರೂ ಆತುರ ಮಾಡಿದರೆ ಒಪ್ಪಬೇಡಿ. ಬಣ್ಣ ಕಾಂಕ್ರೀಟಿನ ಮೇಲ್ಪದರದಲ್ಲೇ ಬೆರೆತಿರುತ್ತದೆ, ಒಂದು ಮಳೆಗಾಲಕ್ಕೆ ತೊಳೆದು ಹೋಗುವುದಿಲ್ಲ. ಮಳೆ ಮುಗಿದು ಚೆನ್ನಾಗಿ ಬಿಸಿಲು ಬಿದ್ದ ಮೇಲೆ ಹೊಡೆಸಿದರೆ ಸಾಕು. ಅದಕ್ಕೂ ಮೊದಲು ಒಂದೂವರೆ ಅಡಿ ಉದ್ದ, ಅಷ್ಟೇ ಅಗಲದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ನೋಡಿ. ಅಡಿಯಲ್ಲಿ ಹನಿ ಕಟ್ಟಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು.

ಹಿರಿಯರು, ಮಕ್ಕಳು ಓಡಾಡುವ ಅಂಗಳಕ್ಕೆ ಸಿಲೇನ್‌–ಸಿಲಾಕ್ಸೇನ್ ಜಾತಿಯ, ಒಳಗೆ ಇಳಿಯುವ ಸೀಲರ್ ಕೇಳಿ. ಹೊಳಪು ಬರುವುದಿಲ್ಲ, ಆದರೆ ಮೇಲೆ ಪದರ ಕಟ್ಟುವುದಿಲ್ಲ, ತೇವಕ್ಕೆ ಹೊರಬರಲು ದಾರಿ ಇರುತ್ತದೆ. ಹೊಳಪೇ ಬೇಕೆಂದರೆ ತೆಳುವಾಗಿ ಎರಡು ಕೋಟ್, ಬಿಸಿಲು ಇಳಿದ ಮೇಲೆ, ಜಾರದಂತೆ ತಡೆಯುವ ಹುಡಿ ಬೆರೆಸಿ ಹೊಡೆಯಲಿ. ಡಬ್ಬಿಯ ಮೇಲೆ ಏನು ಬರೆದಿದೆ ಎಂದು ನಿಮ್ಮ ಕಣ್ಣಾರೆ ಓದಿ.

ಈಗಾಗಲೇ ಬಿಳುಪು ಬಂದಿದ್ದರೆ ಇನ್ನೊಂದು ಕೋಟಿಗೂ ಆಸಿಡ್‌ಗೂ ಒಪ್ಪಬೇಡಿ. ಸ್ಟ್ರಿಪ್ಪರ್ (ಸೀಲರ್ ಕಿತ್ತು ತೆಗೆಯುವ ರಾಸಾಯನಿಕ) ಹಾಕಿ ಹಳೆಯ ಪದರವನ್ನು ಪೂರ್ತಿ ತೆಗೆಸಿ, ಅಂಗಳವನ್ನು ಒಣಗಲು ಬಿಡಿ. ನಾವು ಈಗ ಮಾಡಿಸುತ್ತಿರುವುದು ಅದನ್ನೇ.