ಕೊನೆಯ ಇಂಟೆಲ್ ಐಮ್ಯಾಕ್: ಐದು ವರ್ಷ ಬಳಸಿದ ಮೇಲೆ

"ಅಣ್ಣಾ, ಗೊತ್ತಿದ್ದೂ ಗೊತ್ತಿದ್ದೂ ಹಳೇದು ಯಾಕ ತಗೋತಿ?" 2020ರ ಅಕ್ಟೋಬರ್‌ನಲ್ಲಿ ನನ್ನ ತಮ್ಮ ಕೇಳಿದ ಪ್ರಶ್ನೆ ಇದು.

ಅವನು ಕೇಳಿದ್ದು ಸರಿಯಾಗಿಯೇ ಇತ್ತು. ಇನ್ನು ಮ್ಯಾಕ್‌ಗಳಿಗೆ ಇಂಟೆಲ್ ಪ್ರೊಸೆಸರ್ ಬಿಟ್ಟು ತನ್ನದೇ ಚಿಪ್ ಹಾಕುವುದಾಗಿ, ಎರಡು ವರ್ಷದಲ್ಲಿ ಈ ಬದಲಾವಣೆ ಮುಗಿಸುವುದಾಗಿ ಆಪಲ್ ಜೂನ್ 22ರಂದೇ ಹೇಳಿತ್ತು. ಅದಾದ ಮೇಲೂ ಆಗಸ್ಟ್‌ನಲ್ಲಿ ಪರದೆಯ ಹಿಂದೆಯೇ ಇಡೀ ಕಂಪ್ಯೂಟರ್ ಇರುವ 27 ಇಂಚಿನ ಇಂಟೆಲ್ ಐಮ್ಯಾಕ್ ಬಂತು. ನಾನು ಅದನ್ನೇ ಕೊಂಡೆ. ನವೆಂಬರ್ 10ಕ್ಕೆ ಆಪಲ್‌ನದೇ ಎಂ1 ಚಿಪ್ ಬಂತು. ತಮ್ಮ ದೀಪಾವಳಿ ಮುಗಿಯುವ ತನಕ ನಕ್ಕ.

ನನ್ನದು ಧಾರವಾಡದಲ್ಲಿ ಪುಸ್ತಕಗಳ ಪುಟವಿನ್ಯಾಸದ ಕೆಲಸ. ಕೈಗೆ ಬರುವ ಫೈಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಆದವು. ಅದೂ ಈಗ ಎಲ್ಲೆಡೆ ನಡೆಯುವ ಅಕ್ಷರಸಂಕೇತವಾದ ಯೂನಿಕೋಡ್‌ಗೆ ಮೊದಲಿನ ಫಾಂಟಿನವು. ಯೂನಿಕೋಡ್‌ಗೆ ಬದಲಿಸಿದರೆ ಅರ್ಕಾವತ್ತು ಒಮ್ಮೊಮ್ಮೆ ಪಕ್ಕದ ಅಕ್ಷರದ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಮೂಲ ಫೈಲನ್ನು ನುಡಿಯಲ್ಲೇ ತೆರೆದು ಪಕ್ಕದಲ್ಲಿಟ್ಟು ನೋಡಲೇಬೇಕು. ನುಡಿಗೆ ವಿಂಡೋಸ್ ಬೇಕು. ಇಂಟೆಲ್ ಮ್ಯಾಕ್‌ನಲ್ಲಿ ಬೂಟ್ ಕ್ಯಾಂಪ್ ಎಂಬ ಆಪಲ್‌ನ ಸೌಲಭ್ಯದ ಮೂಲಕ ವಿಂಡೋಸ್ 10 ಹಾಕಿಕೊಳ್ಳಬಹುದು, ಹೊಸ ಚಿಪ್‌ನದರಲ್ಲಿ ಆಗುವುದಿಲ್ಲ. ಇಂಟೆಲ್ ಕಡೆ ನಾನು ವಾಲಿದ್ದೇ ಇದಕ್ಕೆ.

ಉಳಿದದ್ದೆಲ್ಲ ಲೆಕ್ಕಾಚಾರ. ಇಂಟೆಲ್ ಮ್ಯಾಕ್‌ಗಳಿಗೆ ಇನ್ನೂ ವರ್ಷಗಟ್ಟಲೆ ಅಪ್‌ಡೇಟ್ ಕೊಡುತ್ತೇವೆ ಎಂದು ಕಂಪನಿ ಹೇಳಿತ್ತು. ವರ್ಷಗಟ್ಟಲೆ ಅಂದರೆ ಎಷ್ಟು? ಹಿಂದೆ ಇದೇ ಆಪಲ್ ಪವರ್‌ಪಿಸಿ ಎಂಬ ಚಿಪ್ ಬಿಟ್ಟು ಇಂಟೆಲ್‌ಗೆ ಬಂದದ್ದನ್ನು ನೆನಪು ಮಾಡಿಕೊಂಡೆ. ಆಗ ಘೋಷಣೆ ಆದದ್ದು 2005ರ ಜೂನ್‌ನಲ್ಲಿ. ಅಷ್ಟಾದರೂ ಅದೇ ಅಕ್ಟೋಬರ್‌ನಲ್ಲಿ ಹಳೆಯ ಚಿಪ್‌ನ ಪವರ್ ಮ್ಯಾಕ್ ಜಿ5 ಕ್ವಾಡ್ ಮಾರಾಟಕ್ಕೆ ಬಂದಿತ್ತು. ಅದನ್ನು ಕೊಂಡವರಿಗೆ 2009ರ ಆಗಸ್ಟ್‌ನಲ್ಲಿ ಬಂದ ಮ್ಯಾಕ್‌ನ ಹೊಸ ಆಪರೇಟಿಂಗ್ ಸಿಸ್ಟಂ ಸ್ನೋ ಲೆಪರ್ಡ್ ಹಾಕಿಕೊಳ್ಳಲು ಆಗಲಿಲ್ಲ. ನಾಲ್ಕು ವರ್ಷವೂ ತುಂಬಿರಲಿಲ್ಲ. ನನ್ನದೂ 2024ಕ್ಕೆ ಮುಗಿಯುತ್ತದೆ ಎಂದುಕೊಂಡೇ ದುಡ್ಡು ಹಾಕಿದೆ.

ಹಾಗೆ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬಂದ ಮ್ಯಾಕ್‌ಓಎಸ್ ತಾಹೋ ಕೂಡ ಇದಕ್ಕೆ ಸಿಕ್ಕಿತು. ಇಂಟೆಲ್‌ಗೆ ಅದೇ ಕೊನೆಯದು. ಅದೇ 2020ರ ಇಂಟೆಲ್ ಮ್ಯಾಕ್‌ಬುಕ್ ಏರ್ ಕೊಂಡವರಿಗೆ ತಾಹೋ ಸಿಗಲಿಲ್ಲ ನೋಡಿ. ಒಂದೇ ವರ್ಷದ ಯಂತ್ರಗಳಲ್ಲೂ ಹೀಗೆ.

ಈಗ ಯಂತ್ರದ ವಿಷಯ. ಕೊಂಡದ್ದು ಎಲ್ಲಕ್ಕಿಂತ ಕಡಿಮೆ ಬೆಲೆಯದು: ಆರು ಕೋರ್‌ನ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ರ‍್ಯಾಮ್ ಬಗ್ಗೆ ನನಗೆ ಚಿಂತೆ ಇರಲಿಲ್ಲ. ವೈರ್ ತೆಗೆದು, ಪರದೆಯನ್ನು ದಪ್ಪ ಟವೆಲ್ ಮೇಲೆ ಬೋರಲು ಮಲಗಿಸಿ, ಹಿಂದಿನ ಗುಂಡಿ ಒತ್ತಿದರೆ ಪುಟ್ಟ ಬಾಗಿಲು ತೆರೆಯುತ್ತದೆ. ಒಳಗೆ ನಾಲ್ಕು ಸ್ಲಾಟ್. ಹೊರಗಿನಿಂದ 16 ಜಿಬಿಯ ಎರಡು ರ‍್ಯಾಮ್ ತಂದು ಹಾಕಿದೆ. ಹತ್ತು ನಿಮಿಷದ ಕೆಲಸ. ಕಂಪನಿಯಿಂದಲೇ ಹಾಕಿಸಿದ್ದರೆ ಆಗುತ್ತಿದ್ದ ಖರ್ಚಿಗೆ ಇದು ಏನೇನೂ ಅಲ್ಲ. ಇವತ್ತಿನ ಆಪಲ್ ಚಿಪ್‌ನ ಮ್ಯಾಕ್‌ಗಳಲ್ಲಿ ಈ ಭಾಗ್ಯ ಇಲ್ಲ.

ಎಡವಿದ್ದು 256 ಜಿಬಿಯ ಎಸ್‌ಎಸ್‌ಡಿಯಲ್ಲಿ, ಅಂದರೆ ಫೈಲ್ ಇಡುವ ಜಾಗದಲ್ಲಿ. ಅದು ಬೋರ್ಡ್‌ಗೇ ಬೆಸುಗೆ ಹಾಕಿದ್ದು, ಆಮೇಲೆ ಬದಲಿಸುವ ಹಾಗಿಲ್ಲ. ಗೊತ್ತಿತ್ತು. ಆದರೂ ಹೇಗೋ ನಡೆಯುತ್ತೆ ಎಂದುಕೊಂಡೆ. ಅದರಲ್ಲಿ 70 ಜಿಬಿ ವಿಂಡೋಸ್‌ಗೆ ಕೊಟ್ಟ ಮೇಲೆ ಉಳಿದದ್ದು ಇನ್‌ಡಿಸೈನ್, ಫೋಟೊಶಾಪ್, ಫಾಂಟುಗಳಿಗೇ ಹೋಯಿತು. ಪ್ರತಿ ಅಪ್‌ಡೇಟ್‌ಗೂ ಜಾಗ ಸಾಲದು ಎಂಬ ಸಂದೇಶ. ಹೊರಗೊಂದು ಎಸ್‌ಎಸ್‌ಡಿ ತಗುಲಿಸಿಯೂ ಸಾಕಾಗಲಿಲ್ಲ. ಮೂರನೇ ವರ್ಷ ಸೋತು ವಿಂಡೋಸ್ ಭಾಗವನ್ನೇ ಅಳಿಸಿ ಹಾಕಿದೆ. ನುಡಿಗೆಂದು ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ತಂದೆ. ಯಾವುದಕ್ಕಾಗಿ ಇಂಟೆಲ್ ಕೊಂಡೆನೋ ಅದನ್ನೇ ತೆಗೆದು ಹಾಕಿದ ಹಾಗಾಯ್ತು ಅಲ್ವಾ! ತಮ್ಮನಿಗೆ ಇದನ್ನು ಹೇಳಲು ಆರು ತಿಂಗಳು ಬೇಕಾಯಿತು. ಅಪ್‌ಡೇಟ್‌ಗೆ ಯಾವ ವರ್ಷ ಬಾಗಿಲು ಹಾಕುತ್ತಾರೆ ಎಂದು ಅಷ್ಟೊಂದು ಲೆಕ್ಕ ಹಾಕಿದವನು 512ರದಕ್ಕೆ ಹೆಚ್ಚಿನ ದುಡ್ಡು ಕೊಡಲು ಜಿಪುಣತನ ಮಾಡಿದೆ, ಅಷ್ಟೇ.

ವೇಗದ ಬಗ್ಗೆ ದೂರಿಲ್ಲ. 400 ಪುಟದ ಪುಸ್ತಕ ಆರಾಮಾಗಿ ತೆರೆಯುತ್ತದೆ. ದೊಡ್ಡ ಚಿತ್ರಗಳ ಪಿಡಿಎಫ್ ಮಾಡುವಾಗ ಫ್ಯಾನ್ ಸದ್ದು ಬರುತ್ತದೆ. ಏಪ್ರಿಲ್‌ನಲ್ಲಿ ಇನ್ನೂ ಜಾಸ್ತಿ. ತಮ್ಮನ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇಲ್ಲ, ಆದರೂ ಅದೇ ಪಿಡಿಎಫ್ ನನ್ನದಕ್ಕಿಂತ ಬೇಗ ಮುಗಿಸಿತು. ಪಕ್ಕ ಪಕ್ಕ ಇಟ್ಟು ನೋಡಿದ್ದೇ ತಪ್ಪಾಯಿತು. ಇನ್ನೊಂದು ಮಾತು, ಇದಕ್ಕೆ ಬ್ಯಾಟರಿ ಇಲ್ಲ. ನಮ್ಮ ಕಡೆ ಕರೆಂಟ್ ಹೋಗುವ ರೀತಿಗೆ ಯುಪಿಎಸ್ ಇಲ್ಲದೆ ಕೊಳ್ಳಲೇಬೇಡಿ.

ಆದರೆ ಆ ಪರದೆ! 5120×2880 ಪಿಕ್ಸೆಲ್. ಒಂಬತ್ತು ಪಾಯಿಂಟ್‌ನ ಅಡಿಟಿಪ್ಪಣಿಯಲ್ಲಿ 'ರಾಷ್ಟ್ರ', 'ಲಕ್ಷ್ಮೀ' ಬಂದರೂ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಾಣುತ್ತವೆ. ಮೊದಲು ಒತ್ತು ಸರಿಯಿದೆಯಾ ಎಂದು ನೋಡಲು ಸುಮ್ನೆ ಪ್ರಿಂಟ್ ತೆಗೆಯುತ್ತಿದ್ದೆ. ಈಗ ಮೊದಲ ಎರಡು ಪ್ರೂಫ್ ಪರದೆ ಮೇಲೇ ಮುಗಿಯುತ್ತವೆ. ಐದು ವರ್ಷವಾದರೂ ಒಂದು ಕಲೆಯಿಲ್ಲ.

ಈಗ ಬದಲಿಸೋಣ ಅಂದರೆ ಅದೇ ಪರದೆ ಅಡ್ಡ ಬರುತ್ತದೆ. 2024ರಲ್ಲಿ ಬಂದ, ಪರದೆ ಇಲ್ಲದ ಪುಟ್ಟ ಕಂಪ್ಯೂಟರ್ ಎಂ4 ಮ್ಯಾಕ್ ಮಿನಿ ಇಲ್ಲಿ ಶುರುವಾದದ್ದು 59,900 ರೂಪಾಯಿಗೆ, 16 ಜಿಬಿ ರ‍್ಯಾಮ್ ಸಮೇತ. ನನ್ನ ಪರದೆಯಷ್ಟೇ ಗಾತ್ರದ, ಅಷ್ಟೇ ಪಿಕ್ಸೆಲ್‌ನ ಆಪಲ್ ಪರದೆ ಸ್ಟುಡಿಯೋ ಡಿಸ್‌ಪ್ಲೇ 2022ರಲ್ಲಿ ಬಂದಾಗ 1,59,900 ರೂಪಾಯಿ. ಕಂಪ್ಯೂಟರ್‌ಗಿಂತ ಪರದೆಗೇ ಒಂದು ಲಕ್ಷ ಜಾಸ್ತಿ. ಈ ಐಮ್ಯಾಕ್ ಪರದೆಗೆ ವೈರ್ ಹಾಕಿ ಮಿನಿ ಜೋಡಿಸೋಣ ಅಂದರೆ ಅದಕ್ಕೆ ವ್ಯವಸ್ಥೆಯೇ ಕೊಟ್ಟಿಲ್ಲ. ಹಳೇದನ್ನು ಕೊಟ್ಟು ಹೊಸದು ತರೋಣವೆಂದು ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಇಂಟೆಲ್ ಅಂದ ಕೂಡಲೇ ಹುಡುಗ ಮುಖ ಸಣ್ಣ ಮಾಡಿದ. ಅವನು ಹೇಳಿದ ದುಡ್ಡಿಗೆ ಒಂದು ಒಳ್ಳೆ ಯುಪಿಎಸ್ ಬರಬಹುದು.

ಹಾಗಾಗಿ ಯುಪಿಎಸ್‌ನ ಬ್ಯಾಟರಿ ಬದಲಿಸಿ ಮನೆಗೆ ಬಂದೆ.