ತೀರ್ಥನ್ ಕಣಿವೆಯ ಟ್ರೌಟ್ ಪ್ಯಾಕೇಜ್: ಹುಟ್ಟುಹಬ್ಬಕ್ಕೆ ಬುಕ್ ಮಾಡುವ ಮುನ್ನ

ಹಿಮಾಚಲದ ಕುಲ್ಲು ಜಿಲ್ಲೆಯ ತೀರ್ಥನ್ ಕಣಿವೆಯಲ್ಲಿ ಹಲವು ಹೋಮ್‌ಸ್ಟೇಗಳು ಊಟ, ವಸತಿ, ಗೈಡ್, ಲೈಸೆನ್ಸ್ ಎಲ್ಲ ಸೇರಿಸಿ ಟ್ರೌಟ್ ಎಂಬ ತಣ್ಣೀರ ಮೀನನ್ನು ಗಾಳದಲ್ಲಿ ಹಿಡಿಯುವ ಪ್ಯಾಕೇಜ್ ಕೊಡುತ್ತವೆ. ಗಾಳದ ಹುಚ್ಚಿರುವ ಗಂಡನಿಗೋ ಹೆಂಡತಿಗೋ ಹುಟ್ಟುಹಬ್ಬದ ಉಡುಗೊರೆಯಾಗಿ ಇದನ್ನು ಬೆಂಗಳೂರಿನಿಂದ ಬುಕ್ ಮಾಡಬಹುದೇ? ಧಾರಾಳವಾಗಿ. ಜಾಗಕ್ಕೆ ಐದಕ್ಕೆ ನಾಲ್ಕೂವರೆ, ಅವರು ಕೊಡುವ ಸಲಕರಣೆಗೆ ಎರಡು. ತಿಂಗಳು ತಪ್ಪಿದರೆ ಮಾತ್ರ ಎರಡಕ್ಕೂ ಸೊನ್ನೆ.

ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಹಿಡಿಯುವಂತಿಲ್ಲ, ಅದು ಮೊಟ್ಟೆಯಿಡುವ ಕಾಲ. ಜುಲೈ, ಆಗಸ್ಟ್‌ನಲ್ಲಿ ನಿಷೇಧವಿಲ್ಲದಿದ್ದರೂ ಹೊಳೆ ಕೆಂಪಾಗಿ ಹರಿಯುತ್ತದೆ, ಗುಡ್ಡ ಕುಸಿದು ರಸ್ತೆ ಮುಚ್ಚುತ್ತದೆ. 2023ರ ಜುಲೈ ಮಳೆ ಕುಲ್ಲು ಜಿಲ್ಲೆಯನ್ನು ಏನು ಮಾಡಿತೆಂದು ಎಲ್ಲರೂ ನೋಡಿದ್ದಾರೆ. ಒಳ್ಳೆಯ ನೀರು ಸಿಗುವುದು ಮಾರ್ಚ್‌ನಿಂದ ಏಪ್ರಿಲ್ ಮಧ್ಯದವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ. ಮೇ ತಿಂಗಳಲ್ಲಿ ಹೋದರೆ ಬೆಳಗಿನ ಹೊತ್ತನ್ನೇ ನಂಬಿ: ಬಿಸಿಲೇರಿದಂತೆ ಮೇಲೆ ಹಿಮ ಕರಗಿ, ಮಧ್ಯಾಹ್ನಕ್ಕೆ ನೀರು ಏರಿ ಬಣ್ಣ ಕಲಕುತ್ತದೆ. ಹುಟ್ಟಿದ ದಿನ ಆಗಸ್ಟ್‌ನಲ್ಲಿದ್ದರೆ ಆ ದಿನ ಮನೆಯಲ್ಲೇ ಕೇಕ್ ಕತ್ತರಿಸಿ, ಪ್ರಯಾಣವನ್ನು ಅಕ್ಟೋಬರ್‌ಗೆ ಇಟ್ಟುಕೊಳ್ಳಿ.

ಲೈಸೆನ್ಸ್ ಕೊಡುವುದು ರಾಜ್ಯದ ಮೀನುಗಾರಿಕೆ ಇಲಾಖೆ. ‘ಪ್ಯಾಕೇಜ್‌ನಲ್ಲಿ ಸೇರಿದೆ’ ಎಂಬ ಮಾತಿಗೆ ಸುಮ್ಮನಾಗಬೇಡಿ. ಗಾಳ ಹಾಕುವವರ ಹೆಸರು, ತಾರೀಖು ಇರುವ ಚೀಟಿಯನ್ನೇ ಕೇಳಿ ಪಡೆದು ಜೇಬಿನಲ್ಲಿಟ್ಟುಕೊಳ್ಳಿ, ಹೊಳೆ ದಂಡೆಯಲ್ಲಿ ಇಲಾಖೆಯವರು ತಪಾಸಣೆಗೆ ಬರಬಹುದು. ದಿನಕ್ಕೆ ಎಷ್ಟು ಮೀನು, ಎಷ್ಟು ಉದ್ದದ್ದು ಎಂಬ ಮಿತಿಯನ್ನೂ ಆಗಲೇ ಕೇಳಿಬಿಡಿ. ಕಣಿವೆಯ ಗುಶೈನಿ ಊರಿನಿಂದ ಮೇಲಕ್ಕೆ ಗ್ರೇಟ್ ಹಿಮಾಲಯನ್ ನ್ಯಾಷನಲ್ ಪಾರ್ಕ್ ಇದೆ, ಅದರೊಳಗೆ ಗಾಳ ಹಾಕುವಂತಿಲ್ಲ. ‘ಒಳಗೆ ದೊಡ್ಡ ಮೀನಿವೆ, ಬನ್ನಿ’ ಎನ್ನುವ ಗೈಡ್ ಸಿಕ್ಕರೆ ಗೈಡನ್ನೇ ಬದಲಾಯಿಸಿ.

ಪ್ಯಾಕೇಜ್‌ಗಳು ಎಡವುವುದು ಸಲಕರಣೆಯಲ್ಲಿ. ಸಾಮಾನ್ಯವಾಗಿ ಕೈಗೆ ಬರುವುದು ಕೆರೆಯಲ್ಲಿ ಕಾಟ್ಲಾ ಹಿಡಿಯಲು ಆಗುವಂಥ ದಪ್ಪ ರಾಡ್, ಹಳೆಯ ನೈಲಾನ್ ಲೈನ್. ಲೈನ್ ದಪ್ಪವಿದ್ದರೆ ಮೂರು ಗ್ರಾಂ ಸ್ಪಿನ್ನರ್ (ನೀರಲ್ಲಿ ತಿರುಗುತ್ತಾ ಮೀನನ್ನು ಸೆಳೆಯುವ ಲೋಹದ ಕೃತಕ ಎರೆ) ದೂರ ಹೋಗುವುದಿಲ್ಲ, ತಿಳಿನೀರಿನಲ್ಲಿ ಮೀನಿಗೂ ಕಾಣುತ್ತದೆ. ಆರಡಿಯ ಲೈಟ್ ಸ್ಪಿನ್ನಿಂಗ್ ರಾಡ್, 1000 ಅಥವಾ 2000 ಸೈಜಿನ ರೀಲ್, ನಾಲ್ಕರಿಂದ ಆರು ಪೌಂಡ್ ಲೈನ್, 1 ಮತ್ತು 2ನೇ ನಂಬರಿನ ಸ್ಪಿನ್ನರ್ ಎಂಟು ಹತ್ತು ಒಯ್ಯಿರಿ. ಅಷ್ಟು ಯಾಕೆಂದರೆ ಬಂಡೆ ಸಂದಿಗೆ ಸಿಕ್ಕಿ ಅರ್ಧದಷ್ಟು ಹೊಳೆಗೇ ಹೋಗುತ್ತವೆ. ಸ್ಪಿನ್ನರ್ ಮುಂದೆ ಸಣ್ಣ ಸ್ವಿವೆಲ್ (ತಿರುಗುವ ಕೊಂಡಿ) ಇರಲೇಬೇಕು, ಇಲ್ಲದಿದ್ದರೆ ಲೈನ್ ಹುರಿಗೊಂಡು ಅರ್ಧ ದಿನ ಗಂಟು ಬಿಡಿಸುವುದರಲ್ಲೇ ಕಳೆಯುತ್ತದೆ. ಫ್ಲೈ (ಕೀಟದಂತೆ ಕಟ್ಟಿದ ಹಗುರ ಎರೆ) ಎಸೆಯಬಲ್ಲವರಿಗೆ 4 ಅಥವಾ 5 ವೆಯ್ಟ್ (ಲೈನಿನ ತೂಕದ ನಂಬರ್) ರಾಡ್ ಸಾಕು. ಕೊಕ್ಕೆ, ಇಕ್ಕಳ ಎಲ್ಲ ವಿಮಾನದಲ್ಲಿ ಚೆಕ್‌ಇನ್ ಬ್ಯಾಗಿಗೆ ಹಾಕಿ.

ಹೊಳೆಯಲ್ಲಿ ಹೊಸಬರು ಮಾಡುವ ತಪ್ಪು ಒಂದೇ, ದೊಡ್ಡ ಮಡುವಿನ ನಡುವಿಗೆ ಎಸೆದು ಕಾಯುವುದು. ಟ್ರೌಟ್ ಸೆಳವಿಗೆ ಎದುರು ಮುಖ ಮಾಡಿ, ಬಂಡೆಯ ಮರೆಯಲ್ಲಿ ನಿಂತು, ತೇಲಿ ಬರುವುದನ್ನು ಕಾಯುತ್ತದೆ. ಆದ್ದರಿಂದ ಕೆಳಗಿನಿಂದ ಮೇಲಕ್ಕೆ ನಡೆಯುತ್ತಾ, ಓರೆಯಾಗಿ ಮೇಲ್ಮುಖಕ್ಕೆ ಎಸೆದು, ಸೆಳವಿಗಿಂತ ತುಸು ಬೇಗ ಸುತ್ತಿ ಬಂಡೆಯ ಪಕ್ಕದಲ್ಲೇ ಹಾಯಿಸಬೇಕು. ಒಂದು ಮರೆಗೆ ನಾಲ್ಕೈದು ಎಸೆತ, ತಾಗದಿದ್ದರೆ ಮುಂದಿನ ಬಂಡೆ. ಬಂಡೆಗಳು ಪಾಚಿಗಟ್ಟಿ ಜಾರುತ್ತವೆ. ನೀರಿಗಿಳಿಯುವುದಾದರೆ ಮೊಣಕಾಲಿನ ಮಟ್ಟ ದಾಟಬೇಡಿ, ಹವಾಯಿ ಚಪ್ಪಲಿ ಅಂತೂ ಬೇಡವೇ ಬೇಡ.

ಈ ಮೀನು ಇಲ್ಲಿ ಮೂಲದ್ದಲ್ಲ. ಬ್ರೌನ್ ಟ್ರೌಟ್ ಅನ್ನು ಇಪ್ಪತ್ತನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತಂದು ಬಿಟ್ಟರು, ರೈನ್‌ಬೋ ಆಮೇಲೆ ಬಂತು. ಹಾಗಿದ್ದರೂ ಹಿಡಿದದ್ದನ್ನು ಬಿಡುವುದೇ ಲೇಸು. ಸ್ಪಿನ್ನರ್‌ನ ಮೂರು ಬಾಯಿಯ ಕೊಕ್ಕೆ ತೆಗೆದು ಒಂಟಿ ಕೊಕ್ಕೆ ಹಾಕಿ, ಅದರ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಕೈ ಒದ್ದೆ ಮಾಡಿಕೊಂಡೇ ಮೀನು ಮುಟ್ಟಬೇಕು, ಒಣಗಿದ ಕೈ ಅದರ ಮೈಯ ಲೋಳೆಯನ್ನು ಕೀಳುತ್ತದೆ. ಫೋಟೊ ಬೇಕಿದ್ದರೆ ಮೊದಲು ಕ್ಯಾಮೆರಾ ಸಿದ್ಧ ಮಾಡಿ, ಆಮೇಲೆ ಮೀನನ್ನು ನೀರಿನಿಂದ ಎತ್ತಿ. ತಿನ್ನಲು ಬೇಕಾದರೆ ಫಾರ್ಮ್‌ನಲ್ಲಿ ಸಾಕಿದ ರೈನ್‌ಬೋ ಹೋಮ್‌ಸ್ಟೇಯಲ್ಲೇ ಸಿಗುತ್ತದೆ. ಸಾಸಿವೆ ಎಣ್ಣೆಯಲ್ಲಿ ಹುರಿದದ್ದು ಚೆನ್ನ, ಬೆಣ್ಣೆ ಸುರಿದ ‘ಕಾಂಟಿನೆಂಟಲ್’ ಬಗೆ ಸಪ್ಪೆ.

ಸಂಗಾತಿಗಳಲ್ಲಿ ಒಬ್ಬರಿಗೆ ಗಾಳದಲ್ಲಿ ಆಸಕ್ತಿ ಇಲ್ಲದಿದ್ದರೆ ನಾಗಿನಿ ಊರಿನ ಹತ್ತಿರದ ಛೋಯಿ ಜಲಪಾತಕ್ಕೆ ನಡೆದು ಬರಬಹುದು. ಮತ್ತೊಂದು ದಿನ ಇಬ್ಬರೂ ಜಲೋರಿ ಪಾಸ್‌ಗೆ ಹೋಗಿ, ಅಲ್ಲಿಂದ ಸುಮಾರು ಐದು ಕಿಲೋಮೀಟರ್ ದೂರದ ಸೆರೋಲ್ಸರ್ ಕೆರೆ ನೋಡಬಹುದು. ಮೂರು ರಾತ್ರಿಗಿಂತ ಕಡಿಮೆ ಉಳಿಯುವುದಾದರೆ ಇಷ್ಟು ದೂರ ಹೋಗುವುದೇ ದಂಡ.

ದೆಹಲಿ ಅಥವಾ ಚಂಡೀಗಢದಿಂದ ಮನಾಲಿ ಬಸ್ಸು ಹತ್ತಿ, ಔಟ್ (Aut) ಎಂಬ ಊರಿನ ಸುರಂಗದ ಮುಂಚೆಯೇ ಇಳಿಸಲು ಕಂಡಕ್ಟರಿಗೆ ಹೇಳಿಡಿ. ಅಲ್ಲಿಂದ ಲಾರ್ಜಿ, ಬಂಜಾರ್ ದಾರಿಯಾಗಿ ಟ್ಯಾಕ್ಸಿ. ನಗದನ್ನು ಬಂಜಾರ್‌ನಲ್ಲೇ ತೆಗೆದುಕೊಳ್ಳಿ. ಕೇಕ್ ಕೂಡ ಅಲ್ಲಿಯದೇ, ಹಿಂದಿನ ದಿನವೇ ಹೇಳಿಟ್ಟಿರಬೇಕು. ಕ್ರೀಮ್ ಕೇಕ್ ಆ ತಿರುವುಗಳಲ್ಲಿ ಆಕಾರ ಉಳಿಸಿಕೊಳ್ಳುವುದಿಲ್ಲ, ಪ್ಲಮ್ ಅಥವಾ ಸಾದಾ ಸ್ಪಾಂಜ್ ತೆಗೆದುಕೊಳ್ಳಿ. ಮುಂಗಡ ಕಟ್ಟುವ ಮೊದಲು ಹೋಮ್‌ಸ್ಟೇಯವರನ್ನು ಇನ್ನೊಂದು ಕೇಳಿ: ಮಳೆ ಬಂದು ನೀರು ಕಲಕಿದರೆ ಗೈಡ್ ಹಣ ವಾಪಸ್ಸೋ, ಮರುದಿನಕ್ಕೆ ಹೊಂದಿಸುತ್ತಾರೋ? ಉತ್ತರವನ್ನು ವಾಟ್ಸಾಪ್‌ನಲ್ಲಿ ಬರಹದಲ್ಲೇ ತರಿಸಿಕೊಳ್ಳಿ.